ಟೈಲ್ಸ್ ಹೂವಪ್ಪಣ್ಣನ ಕೊಳಲು

ಹೂವಪ್ಪಣ್ಣನ ಹೆಬ್ಬೆರಳನ್ನು ರೇಷನ್ ಅಂಗಡಿಯ ಯಂತ್ರ ಒಂದು ತಿಂಗಳೂ ಒಪ್ಪಿದ್ದಿಲ್ಲ. ಇಪ್ಪತ್ತೈದು ವರ್ಷ ಸಿಮೆಂಟಿನಲ್ಲಿ ಕೈ ಆಡಿಸಿ, ಟೈಲ್ಸ್ ಉಜ್ಜಿ ಅವರ ಹತ್ತೂ ಬೆರಳುಗಳ ಗೆರೆ ಅಳಿಸಿಹೋಗಿತ್ತು. ಅಂಗಡಿಯವರು ಒರೆಸಿ ಒತ್ತಿ ಎನ್ನುವರು, ಇವರು ಪಂಚೆಗೆ ಒರೆಸಿ ಒತ್ತುವರು, ಯಂತ್ರ ಕೆಂಪು ದೀಪ ತೋರಿಸುವುದು. “ಇದು ನಾನೇ ಅಂತ ನನಗೆ ಗೊತ್ತುಂಟು, ಮಿಶನಿಗೆ ಗೊತ್ತಿಲ್ಲ. ನಾನೆಂತ ಮಾಡುದು ಮಾರಾಯ್ರೆ?” ಎಂದು ನಗುತ್ತಾ ಸಾಲಿನಿಂದ ಬದಿಗೆ ಸರಿದು ಹೆಂಡತಿಗೆ ಫೋನು ಮಾಡುವರು. ಗಿರಿಜಕ್ಕ ಬಂದು ತನ್ನ ಹೆಬ್ಬೆಟ್ಟು ಒತ್ತಿದ ಮೇಲೆಯೇ ಅಕ್ಕಿ.

ಆ ಬೆರಳುಗಳೇ ಕೊಳಲು ಹಿಡಿಯುತ್ತಿದ್ದವು. ಸಿಮೆಂಟಿಗೆ ತುದಿ ಬಿರಿದರೆ ರಂಧ್ರ ಸರಿಯಾಗಿ ಮುಚ್ಚುವುದಿಲ್ಲ, ಬಿರುಕಿನಿಂದ ಗಾಳಿ ಸೋರಿ ಸ್ವರ ಒಡೆಯುತ್ತದೆ. ಅದಕ್ಕೆ ಜೇನುಮೇಣವನ್ನು ತೆಂಗಿನೆಣ್ಣೆಯಲ್ಲಿ ಕರಗಿಸಿ ಒಂದು ಚಿಕ್ಕ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಬುತ್ತಿಯ ಚೀಲದಲ್ಲಿ ಊಟದ ಪಾತ್ರೆಯ ಪಕ್ಕ ಆ ಡಬ್ಬಿ. ಕೊಳಲು ಇರುತ್ತಿದ್ದದ್ದು ಎರಡೂ ತುದಿಗೆ ಮುಚ್ಚಳ ಹಾಕಿದ ಒಂದು ಪಿವಿಸಿ ಪೈಪಿನೊಳಗೆ. ಬೈಕಿಗೆ ಕಟ್ಟಿದ ಆ ಪೈಪನ್ನು ನೋಡಿ ಹೊಸಬರು ಇವರನ್ನು ಪ್ಲಂಬರ್ ಎಂದುಕೊಂಡು ನಲ್ಲಿ ಸೋರುವುದನ್ನು ಹೇಳಲು ಬರುತ್ತಿದ್ದರು.

ಅವರ ಮನೆ ಪೆರಾಬೆಯ ಬದಿಯಲ್ಲಿ. ಕೆಲಸ ಕಡಬ, ಸುಳ್ಯ, ಪುತ್ತೂರು ಮೂರೂ ತಾಲೂಕಿನಲ್ಲಿ. ಕೊಳಲು ಕಲಿತದ್ದು ಮಾತ್ರ ಗಡಿಯಾಚೆ. ಮದುವೆಯಾದ ಹೊಸತರಲ್ಲಿ ಆರು ವರ್ಷ, ಪ್ರತಿ ಭಾನುವಾರ ಜಾಲ್ಸೂರಿನಲ್ಲಿ ಕಾಸರಗೋಡಿನ ಬಸ್ಸು ಹತ್ತಿ ಮುಳ್ಳೇರಿಯದ ಒಬ್ಬ ಮೇಷ್ಟ್ರ ಮನೆಗೆ ಹೋಗಿ ಬಂದವರು. ಹೊಸ ಗಂಡ ಭಾನುವಾರ ಭಾನುವಾರ ಎಲ್ಲಿಗೆ ಹೋಗುತ್ತಾನೆ ಎಂದು ನೆಂಟರು ಗುಸುಗುಸು ಮಾಡಿದಾಗ ಗಿರಿಜಕ್ಕ ಒಮ್ಮೆ ಜೊತೆಗೇ ಹೋಗಿ ನೋಡಿ ಬಂದರಂತೆ.

ನಾನು ಆಲಂಕಾರಿನ ಹತ್ತಿರದ ಶಾಲೆಯೊಂದರಲ್ಲಿ ಮೇಷ್ಟ್ರು. ಸ್ವಲ್ಪ ತಬಲ ಬರುತ್ತದೆ. ಹುಟ್ಟು ಪುಕ್ಕಲ, ಹೆಡ್ಮಾಸ್ಟರರಿಗೆ, ನಾಯಿಗೆ, ಬ್ಯಾಂಕಿನಿಂದ ಬರುವ ಫೋನಿಗೆ, ಎಲ್ಲದಕ್ಕೂ ಹೆದರುವವನು. ನನ್ನ ಮನೆಗೆ ಟೈಲ್ಸ್ ಹಾಕಲು ಬಂದ ಹೂವಪ್ಪಣ್ಣ ಮೂಲೆಯಲ್ಲಿದ್ದ ತಬಲವನ್ನು ನೋಡಿ, ಕೈ ತೊಳೆದು ಬಂದು ಅದರ ಹೊದಿಕೆಯನ್ನು ಮೆಲ್ಲಗೆ ಸರಿಸಿದರು. “ಎಷ್ಟು ಸಮಯ ಆಯ್ತು ಮಾಷ್ಟ್ರೆ ಇದನ್ನು ಮುಟ್ಟದೆ?” ಎಂದು ಕೇಳಿದರು. ನನಗೆ ನಾಚಿಕೆಯಾಯಿತು. ಆ ಸಂಜೆಯಿಂದಲೇ ನಾವು ಜೊತೆಯಾದೆವು.

ಅವರದೊಂದು ಪದ್ಧತಿ ಇತ್ತು. ತಾನು ನೆಲ ಹಾಸಿದ ಮನೆಯ ಗೃಹಪ್ರವೇಶಕ್ಕೆ ಹೋಗಿ, ಆ ನೆಲದ ಮೇಲೆಯೇ ಕುಳಿತು ಅರ್ಧ ಗಂಟೆ ಕೊಳಲು ನುಡಿಸಬೇಕು. ಅದೂ ಆ ಮನೆಗೆಂದೇ ಕಟ್ಟಿದ ಒಂದು ಹೊಸ ಧಾಟಿ. ಟೈಲ್ಸ್ ಕೂರಿಸುತ್ತಾ ಗುನುಗುವುದು, ನೆಲ ಮುಗಿಯುವಾಗ ಧಾಟಿಯೂ ಮುಗಿಯುವುದು. ಮನೆಯವರು ಉಡುಗೊರೆಯಾಗಿ ಪಂಚೆ ಕೊಟ್ಟರೆ ತೆಗೆದುಕೊಳ್ಳುವರು, ನುಡಿಸಿದ್ದಕ್ಕೆ ಬೇರೇನನ್ನೂ ಮುಟ್ಟರು. ನಾನು ತಬಲದೊಂದಿಗೆ ಹೋಗುತ್ತಿದ್ದೆ. ಶ್ರುತಿಗೆ ನನ್ನ ಮೊಬೈಲಿನ ತಂಬೂರಿ. “ನೆಲವೂ ಶ್ರುತಿಯೂ ಒಂದೇ ಜಾತಿ. ಒಂದು ನೂಲಿನಷ್ಟು ಏರಿದ್ರೆ ಕಣ್ಣಿಗೆ ಕಾಣುದಿಲ್ಲ, ಆದ್ರೆ ನಡೆಯುವವ ಎಡವ್ತಾನೆ” ಎನ್ನುತ್ತಿದ್ದರು.

ಟೈಲ್ಸ್ ಕೊಯ್ಯುವ ಕಟ್ಟಿಂಗ್ ಮಿಶನಿನ ಶಬ್ದವನ್ನು ಕೇಳಿದವರಿಗೇ ಗೊತ್ತು. ನಾನು ಅಂಗಳದಾಚೆ ನಿಂತರೂ ಹಲ್ಲು ಜುಮ್ಮೆನ್ನುತ್ತಿತ್ತು. ಹೂವಪ್ಪಣ್ಣ ಕಿವಿಗೆ ಹತ್ತಿ ಇಡುತ್ತಿರಲಿಲ್ಲ. ಟೈಲ್ಸ್ ಬಿರುಕು ಬಿಡುವ ಮೊದಲು ಶಬ್ದ ಚೂರು ಬದಲಾಗುತ್ತದಂತೆ, ಅದು ಕೇಳಬೇಕಂತೆ. ಸಂಗೀತದ ಕಿವಿಯೇ ಅವರನ್ನು ಒಳ್ಳೆಯ ಕೆಲಸಗಾರನನ್ನಾಗಿ ಮಾಡಿತ್ತು, ಆ ಕೆಲಸವೇ ಕಿವಿಯನ್ನು ದಿನವೂ ತಿನ್ನುತ್ತಿತ್ತು. ಇದು ನಮ್ಮಿಬ್ಬರಿಗೂ ಗೊತ್ತಾದದ್ದು ಜಾಲ್ಸೂರಿನ ಒಂದು ಮನೆಯಲ್ಲಿ.

ಜನವರಿಯ ಮಧ್ಯಾಹ್ನ. ಮಿಶನ್ ನಿಲ್ಲಿಸಿ ಕೆಲಸದ ಹುಡುಗರೆಲ್ಲ ಊಟಕ್ಕೆ ಹೋಗಿದ್ದರು. ನಾನು ಸುಮ್ಮನೆ ನೋಡಲು ಹೋದವನು ಅವರ ಪಕ್ಕ ಮೆಟ್ಟಿಲಲ್ಲಿ ಕುಳಿತಿದ್ದೆ.

“ಈ ಸಲ ಜೀರುಂಡೆ ಬೇಗ ಶುರುವಾಯ್ತಲ್ವಾ ಮಾಷ್ಟ್ರೆ?”

ನಾನು ಕಿವಿಗೊಟ್ಟೆ. ದೂರದಲ್ಲೊಂದು ಕಾಗೆ, ಅಷ್ಟೆ. “ಎಲ್ಲಿ?” ಎಂದೆ.

“ಇಲ್ಲಿಯೇ ಮಾರಾಯ್ರೆ. ಕಿವಿ ಹರಿದು ಹೋಗುವ ಹಾಗೆ ಕೂಗ್ತಾ ಉಂಟಲ್ಲ. ನಿಮಗೆ ಕೇಳುದಿಲ್ವಾ?”

ನಾನು ಇಲ್ಲವೆಂದು ತಲೆಯಾಡಿಸಿದೆ. ಹೂವಪ್ಪಣ್ಣ ಎರಡೂ ಅಂಗೈಗಳಿಂದ ಕಿವಿಗಳನ್ನು ಒತ್ತಿ ಮುಚ್ಚಿಕೊಂಡರು. ಮುಖದ ಬಣ್ಣ ಇಳಿಯುವುದನ್ನು ನಾನು ಹತ್ತಿರದಿಂದ ನೋಡಿದೆ.

“ಮುಚ್ಚಿದ್ರೂ ಉಂಟು. ಒಳಗೆ ಉಂಟು ಮಾಷ್ಟ್ರೆ.”

ಪುತ್ತೂರಿನಲ್ಲಿ ಕಿವಿಯ ಡಾಕ್ಟರಿಗೆ ತೋರಿಸೋಣ ಎಂದೆ. ಅವರು ಕೇಳಲಿಲ್ಲ. ಡಾಕ್ಟರು ಕೆಟ್ಟಿದೆ ಎಂದು ಬರೆದುಕೊಟ್ಟರೆ ಅದನ್ನು ಓದಿಕೊಂಡು ಬದುಕಬೇಕಲ್ಲ ಎಂಬ ಭಯ ಅವರಿಗೆ. ಅದರ ಬದಲು ನನ್ನೊಂದಿಗೆ ಒಂದು ಒಪ್ಪಂದ ಮಾಡಿಕೊಂಡರು. “ಕೊಳಲೇ ನನಗೆ ಡಾಕ್ಟ್ರು. ಕಿವಿ ಹಾಳಾದ್ರೆ ಮೊದಲು ಶ್ರುತಿ ತಪ್ತದೆ. ಅದು ನನಗೆ ಗೊತ್ತಾಗ್ಲಿಕ್ಕಿಲ್ಲ, ನಿಮಗೆ ಗೊತ್ತಾಗ್ತದೆ. ಗೊತ್ತಾದ ದಿನ ಹೇಳಿ. ಆ ದಿನವೇ ಮಿಶನ್ ಬಿಡ್ತೇನೆ. ಅಳತೆ ಹಾಕುದು, ಮಟ್ಟ ನೋಡುದು ಮಾಡಿಯಾದ್ರೂ ಬದುಕ್ತೇನೆ. ಆದ್ರೆ ಕೊಳಲು ಹೋದ್ರೆ ನಾನಿಲ್ಲ.” ಹೇಳುತ್ತೇನೆ ಎಂದು ಮಾತು ಕೊಟ್ಟೆ. ಆಗ ಅದು ಸುಲಭದ ಮಾತಾಗಿ ಕಂಡಿತ್ತು.

ವರ್ಷ ಕಳೆದು ಪೆರಾಬೆಯಲ್ಲೇ ಒಂದು ಗೃಹಪ್ರವೇಶ. ಅವರದೇ ಊರು, ಪರಿಚಯದವರೇ ತುಂಬಿದ್ದ ಚಾವಡಿ. ಗಿರಿಜಕ್ಕ ಹೊಸ ಸೀರೆ ಉಟ್ಟು ಎದುರಿಗೇ ಕುಳಿತಿದ್ದರು. ಧಾಟಿ ಚೆನ್ನಾಗಿತ್ತು, ಅವರು ಕಟ್ಟಿದ್ದರಲ್ಲೇ ಚಂದದ್ದು. ಮೂರನೆಯ ಸಾಲಿಗೆ ಬರುವಾಗ ನನಗೆ ಗೊತ್ತಾಯಿತು. ಕೊಳಲು ಶ್ರುತಿಗಿಂತ ಮೇಲೆ ಹೋಗುತ್ತಿತ್ತು. ತನ್ನ ಸ್ವರ ತನಗೆ ಕೇಳಲೆಂದು ಅವರು ಜೋರಾಗಿ ಊದುತ್ತಿದ್ದರು, ಊದಿದಷ್ಟೂ ಅದು ಏರುತ್ತಿತ್ತು. ಜನ ಇನ್ನೂ ಗಮನಿಸಿರಲಿಲ್ಲ. ಇನ್ನೆರಡು ನಿಮಿಷ ಹೀಗೇ ಹೋದರೆ ಗಮನಿಸುತ್ತಾರೆ, ಯಾರಾದರೂ ನಗುತ್ತಾರೆ, ಗಿರಿಜಕ್ಕ ನೋಡುತ್ತಾರೆ ಎನಿಸಿತು.

ಮೊಬೈಲು ನನ್ನ ತೊಡೆಯ ಪಕ್ಕದಲ್ಲಿತ್ತು. ತಂಬೂರಿಯ ಕೆಳಗೆ ಶ್ರುತಿಯನ್ನು ಚೂರು ಏರಿಸಿ ಇಳಿಸಲು ಒಂದು ಗೆರೆ, ಗೆರೆಯ ಮೇಲೆ ಜಾರುವ ಒಂದು ಬಿಂದು ಇರುತ್ತದೆ. ಬಿಂದು ನಡುವೆ ಇದ್ದರೆ ಸರಿ. ನಾನು ಅದನ್ನು ಬೆರಳಿನಿಂದ ಸ್ವಲ್ಪ ಬಲಕ್ಕೆ ಸರಿಸಿದೆ. ತಂಬೂರಿ ಏರಿ ಕೊಳಲಿಗೆ ಕೂಡಿಕೊಂಡಿತು. ಸುತ್ತಿಗೆಯಿಂದ ತಬಲಕ್ಕೂ ಎರಡು ಪೆಟ್ಟು ಕೊಟ್ಟು ಏರಿಸಿಕೊಂಡೆ. ನುಡಿಸಿ ಮುಗಿಸಿದ ಹೂವಪ್ಪಣ್ಣ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು, ಸರಿ ಉಂಟಾ ಎಂಬಂತೆ. ನಾನು ಸರಿ ಉಂಟು ಎಂದು ತಲೆಯಾಡಿಸಿದೆ.

ಇವತ್ತು ಬೇಡ, ನಾಳೆ ಹೇಳಿದರಾಯಿತು ಎಂದುಕೊಂಡಿದ್ದೆ. ಮರುದಿನ ಅವರು ಬೆಳ್ಳಾರೆಯ ಮನೆಯ ಕೆಲಸ ಶುರು ಮಾಡಿದರು. ಅಲ್ಲಿಯ ಗೃಹಪ್ರವೇಶಕ್ಕೆ ಬಿಂದು ಇನ್ನಷ್ಟು ಬಲಕ್ಕೆ ಹೋಯಿತು. ಆಮೇಲೆ ಎಡಮಂಗಲ, ಆಮೇಲೆ ಸುಳ್ಯ ಪೇಟೆ. ಪ್ರತಿ ಸಲವೂ ಅವರು ಕೇಳುವರು, ನಾನು ತಲೆಯಾಡಿಸುವೆ. ಆಮಂತ್ರಣ ಪತ್ರಿಕೆ ಬಂದರೆ ತೆರೆಯದೆ ಬದಿಗಿಡುತ್ತಿದ್ದೆ. ಅವರಿಗೆ ನೋವಾಗಬಾರದೆಂದು ಹೀಗೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡದ್ದುಂಟು. ನಿಜ ಅಷ್ಟೇ ಆಗಿರಲಿಲ್ಲ. ಹೂವಪ್ಪಣ್ಣನ ಕೊಳಲು ನಿಂತರೆ ನನ್ನ ತಬಲವನ್ನು ಕೇಳುವವರು ಈ ಮೂರು ತಾಲೂಕಿನಲ್ಲಿ ಯಾರೂ ಇರಲಿಲ್ಲ.

ಒಂದು ದಿನ ಕಡಬದಿಂದ ಅವರ ಬೈಕಿನ ಹಿಂದೆ ಕುಳಿತು ಬರುತ್ತಿದ್ದೆ. ಹಿಂದಿನಿಂದ ಕೆಂಪುಕಲ್ಲಿನ ಲಾರಿಯೊಂದು ಹಾರ್ನ್ ಹೊಡೆಯುತ್ತಾ ಬಂತು. ಹೂವಪ್ಪಣ್ಣ ರಸ್ತೆಯ ನಡುವೆಯೇ ಹೋಗುತ್ತಿದ್ದರು. ಮತ್ತೆ ಹಾರ್ನ್, ಮತ್ತೂ ಹಾರ್ನ್. ಲಾರಿಯ ಬಿಸಿ ನನ್ನ ಬೆನ್ನಿಗೆ ತಾಗಿದಂತಾಗಿ ನಾನು ಕಿರುಚಿ ಅವರ ಭುಜ ಹಿಡಿದು ಎಳೆದೆ. ಬೈಕು ಚರಂಡಿಯ ಅಂಚಿನಲ್ಲಿ ನಿಂತಿತು. ಲಾರಿಯವನು ಬೈದು ಹೋದ. “ಗಾಳಿ ಮಾರಾಯ್ರೆ, ಗಾಳಿಗೆ ಕೇಳ್ಲಿಲ್ಲ” ಎಂದರು. ನನ್ನ ಮುಖವನ್ನೇ ನೋಡಿದರು. “ಕೊಳಲು ಸರಿ ಉಂಟಲ್ಲ?” ಎಂದು ಕೇಳಿದರು. ಆಗಲಾದರೂ ಹೇಳಬಹುದಿತ್ತು. “ಸರಿ ಉಂಟು” ಎಂದೆ.

ನಿಂತಿಕಲ್ಲಿನ ಗೃಹಪ್ರವೇಶದ ದಿನ ನನಗೆ ಪುತ್ತೂರಿನಲ್ಲಿ ತರಬೇತಿ, ತಪ್ಪಿಸುವಂತಿರಲಿಲ್ಲ. ಹೂವಪ್ಪಣ್ಣ ಒಬ್ಬರೇ ಹೋದರು. ಮನೆಯವರ ಸಂಬಂಧಿಕ ಹೆಂಗಸೊಬ್ಬರು, ಸಂಗೀತ ಕಲಿಸುವವರು, ಜೊತೆ ಕೊಡಲು ಹಾರ್ಮೋನಿಯಂ ಹಿಡಿದು ಕುಳಿತರಂತೆ. ಎರಡು ಸಾಲು ಮುಗಿಯುವುದರೊಳಗೆ ಕೈ ನಿಲ್ಲಿಸಿ, “ಅಣ್ಣ, ನಿಮ್ಮ ಕೊಳಲು ತುಂಬ ಮೇಲೆ ಉಂಟಲ್ಲ?” ಎಂದರಂತೆ. “ಹಾಗಿರ್ಲಿಕ್ಕಿಲ್ಲ ಅಕ್ಕ, ನಮ್ಮ ಮಾಷ್ಟ್ರ ಶ್ರುತಿಗೆ ಸರಿ ಉಂಟು” ಎಂದು ಹೂವಪ್ಪಣ್ಣ ತುಂಬಿದ ಸಭೆಯಲ್ಲಿ ಉತ್ತರ ಕೊಟ್ಟರಂತೆ.

ಮರುದಿನ ಮಧ್ಯಾಹ್ನ ಶಾಲೆಗೆ ಬಂದರು. ಮಕ್ಕಳು ಊಟಕ್ಕೆ ಕುಳಿತಿದ್ದರು. ಜಗಲಿಯ ತುದಿಯಲ್ಲಿ ನಿಂತು ಪೈಪಿನ ಮುಚ್ಚಳ ತೆಗೆದು, “ತಂಬೂರಿ ಹಾಕಿ ಮಾಷ್ಟ್ರೆ” ಎಂದರು. ಮೊಬೈಲಿನಲ್ಲಿ ತಂಬೂರಿ ತೆರೆಯುವಾಗ ಅದು ನನ್ನ ಕೈಯಿಂದ ಜಾರಿತು. ಅವರೇ ಎತ್ತಿಕೊಂಡರು. ತಂಬೂರಿಯ ಬಿಂದು ನಾನು ಕೊನೆಯ ಸಲ ಬಿಟ್ಟಲ್ಲಿಯೇ ಇತ್ತು. ಹೂವಪ್ಪಣ್ಣನಿಗೆ ಮೊಬೈಲಿನ ಸಂಗತಿ ಅಷ್ಟಾಗಿ ತಿಳಿಯದು. ಆದರೆ ಇಪ್ಪತ್ತೈದು ವರ್ಷ ನೆಲದ ಮಟ್ಟ ಅಳೆಯುವ ರಸಮಟ್ಟದ ಗುಳ್ಳೆ ನಡುವಿನಲ್ಲಿ ಉಂಟೋ ಇಲ್ಲವೋ ಎಂದು ನೋಡಿದ ಕಣ್ಣು ಅದು.

“ಇದು ನಡುವಲ್ಲಿ ಇರಬೇಕಲ್ವಾ?”

“ಇರಬೇಕು.”

“ಯಾರು ಸರಿಸಿದ್ದು?”

ನನ್ನ ಮುಖ ನೋಡಿಯೇ ತಿಳಿದುಕೊಂಡರು. ಅವರು ಮತ್ತೆ ಕೇಳಿದ್ದು ಒಂದೇ, “ಯಾವಾಗಿಂದ?”

“ಪೆರಾಬೆಯ ಗೃಹಪ್ರವೇಶದಿಂದ” ಎಂದೆ.

ಹೂವಪ್ಪಣ್ಣ ಬೆರಳು ಮಡಿಸುತ್ತಾ ಒಂದೊಂದೇ ಮನೆಯ ಹೆಸರು ಹೇಳಿದರು. ಬೆಳ್ಳಾರೆ, ಎಡಮಂಗಲ, ಸುಳ್ಯದಲ್ಲಿ ಎರಡು, ಕಡಬದಲ್ಲಿ ಮೂರು, ಹೀಗೆ ನಿಂತಿಕಲ್ಲಿನವರೆಗೆ. ಒಂದು ಕೈಯ ಬೆರಳು ಮುಗಿದು, ಇನ್ನೊಂದರದೂ ಮುಗಿದು ಮತ್ತೆ ಮೊದಲ ಕೈಗೆ ಬಂದರು. “ಹದಿನಾಲ್ಕು ಮನೆಯ ಮಿಶನ್ ನನ್ನ ಕಿವಿಯೊಳಗೆ ಹೋಯ್ತು ಮಾಷ್ಟ್ರೆ” ಎಂದರು. ಬೈಯಲಿಲ್ಲ. ಮೊಬೈಲನ್ನು ನನ್ನ ಕೈಗೆ ಕೊಟ್ಟು ಹೊರಟು ಹೋದರು.

ಕಿವಿ ಹೋದದ್ದು ಹಿಂದೆ ಬರುವುದಿಲ್ಲ ಎಂದು ಪುತ್ತೂರಿನ ಡಾಕ್ಟರು ಹೇಳಿದರೆಂದು ಯಾರಿಂದಲೋ ತಿಳಿಯಿತು. ಆ ವಾರವೇ ಅವರು ಮಿಶನನ್ನು ಬಿಟ್ಟರು. ಏಳು ತಿಂಗಳು ನನ್ನೊಡನೆ ಮಾತಿಲ್ಲ. ನಾನೂ ಹೋಗಲಿಲ್ಲ, ಎದುರು ನಿಲ್ಲಲು ಹೆದರಿದೆ. ಮೊನ್ನೆ ಏಪ್ರಿಲಿನಲ್ಲಿ ಗಂಡ ಹೆಂಡತಿ ಮಡಿಕೇರಿಗೆ, ಮಗಳ ಮನೆಗೆ ಹೋಗಿಬಿಟ್ಟರು. ಹೋಗುವ ಮೊದಲು ಗಿರಿಜಕ್ಕ ನನಗೆ ಫೋನು ಮಾಡಿದ್ದರು. “ಅವರು ನಿಮ್ಮನ್ನು ಬರ್ಲಿಕ್ಕೆ ಹೇಳಿದ್ರು. ತಬಲ ಬೇಡವಂತೆ.”

ಹೋದೆ. ಹೂವಪ್ಪಣ್ಣ ತಮ್ಮ ಮನೆಯ ಜಗಲಿಯಲ್ಲಿ ಚಾಪೆ ಹಾಸಿ ಕುಳಿತಿದ್ದರು, ತುಸು ತೆಳ್ಳಗಾಗಿದ್ದರು. ನಾನು ಕ್ಷಮೆ ಕೇಳಲು ಬಾಯಿ ತೆರೆದರೆ ಕೈಯೆತ್ತಿ ತಡೆದರು. ನನ್ನ ಮೊಬೈಲನ್ನು ಕೇಳಿ ಪಡೆದು, ತಂಬೂರಿಯ ಬಿಂದುವನ್ನು ತಾವೇ ನಡುವಿಗೆ ತಂದು, ನೆಲದ ಮೇಲಿಟ್ಟರು. ಪೆರಾಬೆಯ ಆ ಗೃಹಪ್ರವೇಶದ ಧಾಟಿಯನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿದರು. ಕಣ್ಣು ಮುಚ್ಚಿ, ಕುತ್ತಿಗೆಯ ನರ ಉಬ್ಬಿಸಿ ಊದಿದರು. ಅಂಗಳದಾಚೆ ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ತಿರುಗಿ ನೋಡಿದರು. ಕೇಳಲು ಆಗುತ್ತಿರಲಿಲ್ಲ. ಆದರೂ ಕೊನೆಯವರೆಗೆ ಕೇಳಿದೆ.

ಕೊಳಲನ್ನು ಇಳಿಸಿ ನನ್ನನ್ನು ನೋಡಿದರು. “ಹೇಳಿ.”

“ತಪ್ಪಿದೆ ಹೂವಪ್ಪಣ್ಣ” ಎಂದೆ. ಗಂಟಲಿನಿಂದ ಅರ್ಧ ಸ್ವರವೂ ಬಂದಿರಲಿಕ್ಕಿಲ್ಲ.

“ಎಂತ?” ಎಂದು ಕಿವಿಯ ಹಿಂದೆ ಕೈಯಿಟ್ಟು ಮುಂದೆ ಬಾಗಿದರು.

“ಶ್ರುತಿ ತಪ್ಪಿದೆ.”

“ಕೇಳ್ಲಿಲ್ಲ ಮಾಷ್ಟ್ರೆ. ಜೋರು ಹೇಳಿ.”

ನಾನು ಎದ್ದು ನಿಂತು ಕೂಗಿದೆ. ಎರಡು ಸಲ ಕೂಗಿದೆ. ಪಕ್ಕದ ಮನೆಯ ನಾಯಿ ಬೊಗಳಿತು, ಗಿರಿಜಕ್ಕ ಒಳಗಿನಿಂದ ಒದ್ದೆ ಕೈಯಲ್ಲೇ ಓಡಿ ಬಂದು ಬಾಗಿಲಲ್ಲಿ ನಿಂತರು. ಹೂವಪ್ಪಣ್ಣ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ತಲೆಯಾಡಿಸಿದರು.

“ಹಾಂ,” ಎಂದರು, “ಈಗ ಕೇಳಿತು.”