ಹಡಗಲಿಗೆ ಒಯ್ದ ಒಂದು ಸಿಲಿಂಡರ್

ಕೂಡ್ಲಿಗಿಯಲ್ಲಿ ಗೆಳತಿಯ ಮಗಳ ಮದುವೆ ಮುಗಿಸಿಕೊಂಡು ಶನಿವಾರ ಬೆಳಿಗ್ಗೆ ಎಂಟರ ಸುಮಾರಿಗೆ ಕೊಟ್ಟೂರಿನ ಬಸ್ಸು ಹತ್ತಿದೆ. ಹೋಗಬೇಕಾದದ್ದು ಹಡಗಲಿಗೆ, ತಮ್ಮ ತಿಪ್ಪೇಶನ ಮನೆಗೆ. ಡಿಸೆಂಬರಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲದ ಕಾಲ. ಆಧಾರ್ ತೋರಿಸಿ ಕಿಟಕಿ ಪಕ್ಕ ಕೂತೆ. ಬ್ಯಾಗಿನಲ್ಲಿ ಎರಡು ಸೀರೆ, ಮದುವೆಯ ಲಾಡು, ಒಂದು ಸಿಲಿಂಡರ್ ಇದ್ದವು.

ಸಿಲಿಂಡರ್ ಅಂದದ್ದು ಕಂಡಕ್ಟರ್ ಕಿವಿಗೆ ಬಿತ್ತು. ಪಕ್ಕದವರು ಬ್ಯಾಗು ಭಾರವಿದೆಯಲ್ಲ ಅಂದದ್ದಕ್ಕೆ ನಾನೇ ಬಾಯಿ ಬಿಟ್ಟಿದ್ದೆ.

"ಗ್ಯಾಸ್ ಸಿಲಿಂಡರ್ ಬಸ್ಸಿನ್ಯಾಗ ಒಯ್ಯಂಗಿಲ್ರಿ ಅಕ್ಕಾರ," ಅಂದ ಕಂಡಕ್ಟರ್.

ತೆಗೆದು ತೋರಿಸಿದೆ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಗೇಣಿಗಿಂತ ಗಿಡ್ಡ. ಲೈಫ್ ಜಾಕೆಟ್‌ಗೆ ಗಾಳಿ ತುಂಬುವಂಥದ್ದು ಅಂದೆ. ಅವನು ಕಿಟಕಿಯಾಚೆಯ ಜೋಳದ ಹೊಲ, ಕೆಂಪು ಮಣ್ಣು, ಕಲ್ಲುಗುಡ್ಡ ನೋಡಿದ. ಆಮೇಲೆ ನನ್ನನ್ನು ನೋಡಿದ. "ಇಲ್ಲಿ ಮುಣುಗಾಕ ನೀರೆಲ್ಲೈತ್ರಿ?" ಅಂದು ಮುಂದಿನ ಸೀಟಿಗೆ ಹೋದ.

ಅವನ ಮಾತು ತಳ್ಳಿಹಾಕುವಂಥದ್ದಲ್ಲ. ನಾನು ಇದೇ ಸೀಮೆಯವಳಾದರೂ ಕರಾವಳಿಯಲ್ಲಿ ಕೆಲಸ. ದೋಣಿಗಳ ಸುರಕ್ಷಾ ಸಾಮಾನು ಪರೀಕ್ಷೆ ಮಾಡಿ ಪಟ್ಟಿ ಬರೆಯುವುದು ನನ್ನ ಸಂಬಳದ ಉದ್ಯೋಗ. ತಿಪ್ಪೇಶ ಹಡಗಲಿಯಲ್ಲಿ ಹೈಸ್ಕೂಲು ಮೇಷ್ಟ್ರು. ಹೋದ ವರ್ಷ ಗೆಳೆಯನ ಜೊತೆ ಸೇರಿ ಸಣ್ಣ ಮೋಟರ್ ದೋಣಿಯೊಂದನ್ನು ಕೊಂಡ. ಭಾನುವಾರ ಊರ ಹತ್ತಿರದ ಹೊಳೆಗೆ ಕಟ್ಟಿದ ಬ್ಯಾರೇಜಿನ ಹಿನ್ನೀರಿನಲ್ಲಿ ಹಕ್ಕಿ ನೋಡುವುದು, ಗಾಳ ಹಾಕುವುದು ಅವನ ಹುಚ್ಚು. ಅವನ ಹೆಂಡತಿ ಹುಲಿಗೆಮ್ಮಗೆ ನೀರೆಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಈಜು ಬರದು. ಜಾಕೆಟ್ ಬಂದರೆ ಮಾತ್ರ ದೋಣಿ ಹತ್ತುವೆ ಅಂದಿದ್ದಳು.

ಆಯ್ಕೆ ನನ್ನದೇ. ದಪ್ಪ ಸ್ಪಂಜಿನದು ಅಗ್ಗ, ಆದರೆ ಬಿಸಿಲಿಗೆ ಮೈ ಬೆವರುತ್ತದೆ. ಅರ್ಧ ಗಂಟೆಗೆ ಜನ ಬಿಚ್ಚಿ ಕಾಲ ಕೆಳಗೆ ಹಾಕುತ್ತಾರೆ. ಗಾಳಿ ತುಂಬುವುದು ಕೊರಳಲ್ಲಿ ಶಲ್ಯದಷ್ಟೇ ಹಗುರ. ಅದರಲ್ಲೂ ಎರಡು ಬಗೆ. ಒಂದಕ್ಕೆ ದಾರ ಎಳೆಯಬೇಕು. ಇನ್ನೊಂದು ನೀರು ತಾಗಿದರೆ ತಾನೇ ಉಬ್ಬುತ್ತದೆ: ಒಳಗೊಂದು ಗುಳಿಗೆ ಕರಗಿ, ಸೂಜಿ ಹಾರಿ, ಸಿಲಿಂಡರ್ ಚುಚ್ಚುತ್ತದೆ. ನೀರಿಗೆ ಬಿದ್ದ ಗಾಬರಿಯಲ್ಲಿ ಹುಲಿಗೆಮ್ಮಗೆ ದಾರ ಎಲ್ಲಿ ನೆನಪಾಗಬೇಕು ಎಂದು ತಾನೇ ಉಬ್ಬುವುದನ್ನೇ ಎರಡು ಕಳಿಸಿದ್ದೆ. ಈಗ ಒಮ್ಮೆ ತಪಾಸಣೆ ಮಾಡಿ ಬರೋಣ ಎಂದು ಹೊರಟಿದ್ದೆ. ಬಿಡಿ ಸಿಲಿಂಡರ್, ಗುಳಿಗೆ ಒಂದೊಂದೇ ಸಿಕ್ಕಿತ್ತು.

ಕೊಟ್ಟೂರು ಮುಟ್ಟುವಷ್ಟರಲ್ಲಿ ಹಡಗಲಿಯ ನೇರ ಬಸ್ಸು ಹೋಗಿಬಿಟ್ಟಿತ್ತು. ನಿಲ್ದಾಣದ ಎದುರು ಒಗ್ಗರಣೆ ಮಂಡಕ್ಕಿ, ಎರಡು ಮೆಣಸಿನಕಾಯಿ ಬಜ್ಜಿ ತಿಂದೆ. ಖಾರ ನೆತ್ತಿಗೇರಿತು, ಬಿಡುವ ಮನಸ್ಸಾಗಲಿಲ್ಲ. ಹಗರಿಬೊಮ್ಮನಹಳ್ಳಿ ಬಸ್ಸು ಸಿಕ್ಕಿತು, ನಿಂತೇ ಹೋದೆ. ಅಲ್ಲಿ ಬಸ್ಸು ಬದಲಿಸುವಾಗ ತಿಪ್ಪೇಶನ ಫೋನು ಬಂತು. "ನಾಳೆ ನಿನ್ನೂ ನಡುಹೊಳಿಗೆ ಕರ್ಕೊಂಡು ಹೋಗ್ತೀನಿ ಅಕ್ಕಾ. ಹುಲಿಗಿ ಐದು ವಾರದಿಂದ ಬರಾಕತ್ಯಾಳ. ಈಗ ಅಕಿಗೆ ಅಂಜಿಕಿ ಅನ್ನೋದ ಇಲ್ಲ." ನನಗೆ ಖುಷಿಯಾಯಿತು. ನಾನು ಆರಿಸಿದ ವಸ್ತು ಒಬ್ಬರ ಭಯ ಬಿಡಿಸಿತಲ್ಲ ಎಂಬ ಹಮ್ಮೂ ಸ್ವಲ್ಪ ಇತ್ತು.

ಹಡಗಲಿಯಲ್ಲಿ ಇಳಿದಾಗ ಎರಡು ಗಂಟೆ ದಾಟಿತ್ತು. ಜೋಳದ ರೊಟ್ಟಿ, ಎಣ್ಣೆಗಾಯಿ ಊಟವಾದ ಮೇಲೆ ಜಾಕೆಟ್ ತರಿಸಿದೆ. ಹುಲಿಗೆಮ್ಮ ತನ್ನದನ್ನು ತಾನೇ ಹಾಕಿ ತೋರಿಸಿದಳು. ಸೆರಗು ಮೇಲೆ ಬಂದಿತ್ತು. ಜಾಕೆಟ್ ಎಲ್ಲದಕ್ಕಿಂತ ಹೊರಗಿರಬೇಕು, ಇಲ್ಲದಿದ್ದರೆ ಉಬ್ಬಿದಾಗ ಎದೆಯನ್ನೇ ಬಿಗಿಯುತ್ತದೆ ಅಂದೆ. ಕಾಲ ನಡುವಿನ ಪಟ್ಟಿ ಕಟ್ಟದಿದ್ದರೆ ನೀರಲ್ಲಿ ಜಾಕೆಟ್ ಮೇಲೇರಿ ಮನುಷ್ಯ ಕೆಳಗುಳಿಯುತ್ತಾನೆ. ಸೀರೆಗೆ ಆ ಪಟ್ಟಿ ಒಗ್ಗದು. "ಹಂಗಾರ ನಾಳೆ ಚೂಡಿದಾರ ಹಾಕ್ಕೋತೀನ್ರಿ ಅಕ್ಕಾ," ಅಂದಳು. ಎರಡಕ್ಕೂ ಬಾಯಿಂದ ಗಾಳಿ ಊದಿ ನಡುಮನೆಯಲ್ಲಿ ಇಟ್ಟೆವು. ಎಲ್ಲಾದರೂ ಸೋರಿದರೆ ಬೆಳಗಾಗುವಷ್ಟರಲ್ಲಿ ಮೆತ್ತಗಾಗಿರುತ್ತವೆ.

ಭಾನುವಾರ ಬೆಳಿಗ್ಗೆ ಎರಡೂ ಗಟ್ಟಿಯಾಗಿಯೇ ಇದ್ದವು. ತಿಪ್ಪೇಶ ಚಹಾ ಹಿಡಿದು ನಿಂತು, "ಪಾಸಾದ್ವಿಲ್ಲ?" ಅಂದ. ಇನ್ನೂ ಅರ್ಧ ಪರೀಕ್ಷೆ ಬಾಕಿ ಐತಿ ಅಂದು ಹುಲಿಗೆಮ್ಮನ ಜಾಕೆಟ್ಟಿನ ಗಾಳಿ ಬಿಟ್ಟು ಮಗುಚಿ ಹಾಕಿದೆ. ಸಿಲಿಂಡರ್ ಕೂರುವ ಕಡೆ ಒಂದು ಸಣ್ಣ ಕಿಂಡಿ ಇರುತ್ತದೆ. ಹಸಿರು ಕಂಡರೆ ಸರಿ, ಕೆಂಪು ಕಂಡರೆ ಖರ್ಚಾಗಿದೆ ಎಂದರ್ಥ. ಕಿಂಡಿಯ ಮೇಲೆ ಸರಿಯಾಗಿ ಕುಂಕುಮ ಮೆತ್ತಿತ್ತು. ಒದ್ದೆಯಲ್ಲದ ಬಟ್ಟೆಯಿಂದ ಒರೆಸಿದೆ. ಕುಂಕುಮ ಹೋಯಿತು. ಕೆಳಗೆ ಕೆಂಪು ಹಾಗೇ ಇತ್ತು.

"ಇದು ಯಾವಾಗ ಉಬ್ಬಿತ್ತು?" ಅಂದೆ.

"ಆಯುಧಪೂಜಿ ದಿನ," ಅಂದ ತಿಪ್ಪೇಶ, ಸಂಕೋಚವಿಲ್ಲದೆ. "ಬೈಕು, ದೋಣಿ ಮೋಟರ್, ಎರಡು ಜಾಕೆಟ್ ಸಾಲಾಗಿ ಇಟ್ಟಿದ್ವಿ. ಕಾಯಿ ಒಡದು ನೀರು ಬಿಟ್ಟೆ. ಒಂದು ಢಬ್ ಅಂತ ಉಬ್ಬಿತು ನೋಡು, ಪೂಜಿಗೆ ಬಂದವರೆಲ್ಲ ಎದ್ದು ಓಡಿದ್ರು. ಆಮ್ಯಾಲ ಗಾಳಿ ಬಿಟ್ಟು, ಇದ್ದಂಗ ಮಡಚಿಟ್ಟೆ. ನೀನು ಬೈತಿ ಅಂತ ಹೇಳಲಿಲ್ಲ."

"ಅದನ್ನ ಹುಲಿಗಿಗೆ ಯಾಕ ಕೊಟ್ಟಿ?"

ಉತ್ತರ ಕೊಟ್ಟವಳು ಹುಲಿಗೆಮ್ಮ. "ನಾನ ಕೇಳಿ ಇಸ್ಕೊಂಡೀನ್ರಿ. ಅದು ಕೆಲಸ ಮಾಡೋದನ್ನ ಕಣ್ಣಾರೆ ಕಂಡೀನಿ. ಇನ್ನೊಂದು ಮಾಡ್ತೈತೋ ಇಲ್ಲೋ, ಯಾರಿಗೆ ಗೊತ್ತು? ಗುರುತಿಗೆ ಅಂತ ಇವರು ದಿನಾ ಕುಂಕುಮ ಹಚ್ತಾರ."

ಸಿಲಿಂಡರ್ ತಿರುಪಿ ತೆಗೆದೆ. ಬಾಯಿಯಲ್ಲಿ ಸೂಜಿ ಚುಚ್ಚಿದ ತೂತಿತ್ತು. ಅದು ಒಂದೇ ಸಲಕ್ಕೆ, ಮತ್ತೆ ತುಂಬಿಕೊಳ್ಳುವುದಿಲ್ಲ ಎಂದೆ. ತಿಪ್ಪೇಶ ಒಪ್ಪಲಿಲ್ಲ. ತೂತು ಮೊದಲೇ ಇದ್ದಿರಬೇಕು, ಕೈಯಲ್ಲಿ ಹಿಡಿದರೆ ಭಾರ ಹಾಗೇ ಇದೆಯಲ್ಲ ಎಂದು ವಾದಿಸಿದ. ಹುಲಿಗೆಮ್ಮ ಗೋಡೆಗೆ ಒರಗಿ ನಿಂತಳು. ನನಗೆ ಬೈಯುವ ಬಾಯಿ ಇರಲಿಲ್ಲ. ಎಷ್ಟು ವರ್ಷಕ್ಕೊಮ್ಮೆ ಗುಳಿಗೆ ಬದಲಿಸಬೇಕು, ಪಟ್ಟಿ ಹೇಗೆ ಬಿಗಿಯಬೇಕು ಎಂದು ಫೋನಿನಲ್ಲಿ ಎರಡು ಪುಟ ಬರೆದಿದ್ದೆ. ಉಬ್ಬಿದ ಮೇಲೆ ಸಿಲಿಂಡರ್ ಬದಲಿಸಬೇಕು ಎಂಬ ಒಂದು ಸಾಲು ಬರೆದಿರಲಿಲ್ಲ. ನಮ್ಮ ಬಂದರಿನಲ್ಲಿ ಅದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಲ್ಲಿ ಗೊತ್ತಿರುವುದು ಇಲ್ಲಿ ಗೊತ್ತಿರಬೇಕಿಲ್ಲ ಎಂದು ಹೊಳೆಯದಿದ್ದದ್ದು ನನ್ನ ತಪ್ಪು.

ಪ್ರತಿ ಸಿಲಿಂಡರಿನ ಮೈಮೇಲೆ ಅದು ತುಂಬಿದ್ದಾಗಿನ ತೂಕ ಅಚ್ಚಾಗಿರುತ್ತದೆ. ತೂಗಿಯೇ ನೋಡೋಣ ಎಂದು ಮೂವರೂ ಪೇಟೆಗೆ ಹೋದೆವು. ಹೂವಿನವಳ ತಕ್ಕಡಿ ಅಷ್ಟು ಸೂಕ್ಷ್ಮದ್ದಲ್ಲ. ಮಲ್ಲಿಗೆಯ ವಾಸನೆ ದಾಟಿಕೊಂಡು ಪರಿಚಯದ ಅಕ್ಕಸಾಲಿಗರ ಅಂಗಡಿಗೆ ನಡೆದೆವು. ಅವರು ಆಗಷ್ಟೇ ಬಾಗಿಲು ತೆಗೆದು ಊದುಕಡ್ಡಿ ಹಚ್ಚುತ್ತಿದ್ದರು. ನಾನು ತಂದಿದ್ದ ಹೊಸದನ್ನು ಮೊದಲು ಇಟ್ಟರು. ಅಚ್ಚಿನ ಲೆಕ್ಕಕ್ಕೆ ಸರಿಹೋಯಿತು. ತಿಪ್ಪೇಶನ ಜಾಕೆಟ್ಟಿನದೂ ಸರಿ ಬಂತು. ಮೂರನೆಯದನ್ನು ಇಟ್ಟು, ಕನ್ನಡಕ ಸರಿಪಡಿಸಿಕೊಂಡು ಇನ್ನೊಮ್ಮೆ ಇಟ್ಟರು.

"ಇದರಾಗ ಮೂರು ತೊಲಿ ಕಮ್ಮಿ ಐತಲ್ರಿ ಮೇಷ್ಟ್ರೇ," ಅಂದರು.

ತೂತಿಗೆ ಒಪ್ಪದವನು ತೊಲಕ್ಕೆ ಒಪ್ಪಿದ. ಅಂಗಡಿಯ ಮೆಟ್ಟಿಲ ಮೇಲೆ ಕೂತು, "ಐದು ವಾರ," ಅಂದ.

ಹೊಸ ಸಿಲಿಂಡರನ್ನೂ ಗುಳಿಗೆಯನ್ನೂ ಹುಲಿಗೆಮ್ಮನ ಜಾಕೆಟ್ಟಿಗೆ ಹಾಕಿದೆ. ಕಿಂಡಿಯಲ್ಲಿ ಹಸಿರು ಬಂತು. ಬಿಸಿಲಿಗೂ ತೇವಕ್ಕೂ ಇಡಬೇಡ, ಇಲಿ ಮುಟ್ಟದಂತೆ ಗಾಳಿಯಾಡುವಲ್ಲಿ ನೇತುಹಾಕು, ಹತ್ತುವ ಮುಂಚೆ ಪ್ರತಿ ಸಲ ಕಿಂಡಿ ನೋಡು ಎಂದು ಈ ಸಲ ಬಾಯಲ್ಲೇ ಹೇಳಿ, ಅವಳ ಕೈಯಲ್ಲೇ ಬಿಚ್ಚಿಸಿ ಮಡಚಿಸಿದೆ. ಇವತ್ತು ದೋಣಿ ಬೇಡ ಎಂದ ತಿಪ್ಪೇಶ. ಹೋಗೋಣ ಎಂದವಳು ಅವಳೇ.

ದಂಡೆ ತಲುಪುವಷ್ಟರಲ್ಲಿ ಹನ್ನೊಂದಾಗಿತ್ತು. ಜಾಕೆಟ್ ಎರಡೇ ಇದ್ದದ್ದರಿಂದ ನಾನು ದಂಡೆಯಲ್ಲೇ ಉಳಿದೆ. ದೋಣಿ ದಂಡೆಯಿಂದ ಬಹಳ ದೂರ ಹೋಗಲಿಲ್ಲ. ಹುಲಿಗೆಮ್ಮ ನಡುವೆ ಕೂತು ಎರಡೂ ಕೈಯಲ್ಲಿ ಅಂಚು ಹಿಡಿದಿದ್ದಳು. ಅರ್ಧ ಗಂಟೆಗೆ ತಿರುಗಿ ಬಂದರು. ಇಳಿದವಳು ನನ್ನ ಪಕ್ಕ ಕೂತು ನೀರಿನ ಕಡೆ ಕೈ ತೋರಿಸಿದಳು. "ಹೋದ ವಾರ ಅಲ್ಲಿ, ಆ ಕಲ್ಲಿನ ಹತ್ರ, ಎದ್ದು ನಿಂತು ಬಗ್ಗಿ ನೀರು ಮುಟ್ಟೀನ್ರಿ ಅಕ್ಕಾ. ಇವರು ಫೋಟೋ ತಗದಾರ." ನಾನು ಅವಳ ಕೈ ಹಿಡಿದುಕೊಂಡೆ. ತುಂಬಾ ಹೆದರಿದ್ದೆ.

ಸೋಮವಾರ ಬೆಳಿಗ್ಗೆ ಹರಪನಹಳ್ಳಿ ಬಸ್ಸು ಹತ್ತಿದೆ. ಅಲ್ಲಿಂದ ದಾವಣಗೆರೆ, ಮುಂದೆ ಘಟ್ಟ ಇಳಿಯಬೇಕು. ಖಾಲಿ ಸಿಲಿಂಡರನ್ನು ಬಂದರಿನಲ್ಲಿ ಹೊಸಬರಿಗೆ ತೋರಿಸೋಣ ಎಂದು ಬ್ಯಾಗಿಗೆ ಹಾಕಿಕೊಂಡಿದ್ದೆ. ಹರಪನಹಳ್ಳಿ ನಿಲ್ದಾಣದಲ್ಲಿ ನೀರಿನ ಬಾಟಲಿ ಹುಡುಕುವಾಗ ನೋಡಿದರೆ ಆ ಸಿಲಿಂಡರ್ ಇರಲಿಲ್ಲ. ಸೀರೆಗಳನ್ನೆಲ್ಲ ಕೊಡವಿ ನೋಡಿ ಹುಲಿಗೆಮ್ಮಗೆ ಫೋನು ಮಾಡಿದೆ.

"ನಾನ ತಗದಿಟ್ಟೀನ್ರಿ ಅಕ್ಕಾ. ಸಿಟ್ಟಾಗಬ್ಯಾಡ್ರಿ," ಅಂದಳು. "ದೇವರ ಜಗಲಿ ಮ್ಯಾಲ ಐತಿ. ಇನ್ನ ಮ್ಯಾಲ ಕುಂಕುಮ ಹಚ್ಚೋದಿದ್ರ ಇದಕ್ಕ ಹಚ್ರಿ ಅಂತ ಇವರಿಗೆ ಹೇಳೀನಿ."