ಕಬ್ಬಿಣದ ಅಂಗಿ ತೊಟ್ಟು ಸಾಯುವ ಕಷ್ಟ

ರಂಗದ ಮೇಲೆ ಸಾಯಬೇಕೆಂಬುದು ನನ್ನ ಬಹುದಿನದ ಆಸೆ. ಕುರುಗೋಡಿನಲ್ಲಿ ಇತಿಹಾಸ ಕಲಿಸುವ ನಾನು, ಮೇಷ್ಟ್ರುಗಳೆಲ್ಲ ಸೇರಿ ಆಡುವ ಬೇಸಿಗೆ ನಾಟಕದಲ್ಲಿ ಇಷ್ಟು ವರ್ಷ ಬಾಗಿಲು ಕಾಯುವ ಭಟನಾಗಿಯೇ ಸವೆದವನು. ಭಟನಿಗೆ ಸಾವಿಲ್ಲ, ಅವನನ್ನು ಕೊಲ್ಲುವ ಶ್ರಮವನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಈ ಸಲ ಸೇನಾಪತಿಯ ಪಾತ್ರ ಸಿಕ್ಕಿತು. ಕೊನೆಯಲ್ಲಿ ವೀರಮರಣ.

ಇಂಥ ಸಾವಿಗೆ ಬಾಡಿಗೆಯ ಜರಿ ಅಂಗಿ ಒಪ್ಪುತ್ತದೆಯೇ ಹೇಳಿ. ಉಂಗುರ ಹೆಣೆದ ಕವಚವನ್ನು ನಾನೇ ಮಾಡಲು ಕುಳಿತೆ. ತಂತಿಯನ್ನು ಸರಳಿಗೆ ಸುತ್ತಿ, ಆ ಸುರುಳಿಯನ್ನು ಕತ್ತರಿಸಿದರೆ ಉಂಗುರಗಳು ಉದುರುತ್ತವೆ. ಒಂದೊಂದನ್ನೂ ಇನ್ನು ನಾಲ್ಕರೊಳಗೆ ತೂರಿಸಿ ಇಕ್ಕಳದಿಂದ ಬಾಯಿ ಮುಚ್ಚಬೇಕು. ಹೇಳಲು ಇಷ್ಟೇ, ಮಾಡಲು ಬೇಸಿಗೆ ರಜೆಯ ಅರ್ಧವೇ ಬೇಕಾಯಿತು. ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಮನೆಯಲ್ಲಿ ಉಂಗುರ ಬೀಳದ ಜಾಗವಿರಲಿಲ್ಲ. ಸಾರಿನಲ್ಲೂ ಒಂದು ಸಿಕ್ಕಿತು. ಸಿರುಗುಪ್ಪದ ಭತ್ತದ ಗದ್ದೆಗಳ ಕಡೆಯಿಂದ ಬಂದ ನನ್ನ ಹೆಂಡತಿ ಕವಚವನ್ನು ಬೆಳಕಿಗೆ ಹಿಡಿದು ನೋಡಿ, “ನಾಟಕ ಮುಗದ ಮ್ಯಾಲ ನಮ್ಮಪ್ಪಗ ಕೊಡ್ರಿ, ಕಾಳು ಸೋಸಾಕ ಬರ್ತೈತಿ” ಅಂದಳು.

ಇತಿಹಾಸದ ಪುಸ್ತಕಗಳು ವೀರರ ಕತ್ತಿ, ಕುದುರೆ, ಬಿರುದುಗಳನ್ನು ಪುಟಗಟ್ಟಲೆ ಬಣ್ಣಿಸುತ್ತವೆ. ಇಂಥ ಅಂಗಿಯೊಳಗೆ ಬೆನ್ನು ತುರಿಸಿದರೆ ಅವರೇನು ಮಾಡುತ್ತಿದ್ದರೆಂದು ಮಾತ್ರ ಎಲ್ಲೂ ಇಲ್ಲ. ಅಳತೆ ನೋಡಲು ಹಾಕಿಕೊಂಡ ದಿನ ನಾನು ಬಾಗಿಲ ಚೌಕಟ್ಟಿಗೆ ಎಮ್ಮೆಯ ಹಾಗೆ ಬೆನ್ನು ಉಜ್ಜುತ್ತ ನಿಂತಾಗ, ಹಿಂದಿನ ಕದನಗಳ ನಿಜವಾದ ಕಾರಣ ಹೊಳೆಯಿತು. ಆ ಸ್ಥಿತಿಯಲ್ಲಿ ಯಾರು ಎದುರಿಗೆ ಬಂದರೂ ಹೊಡೆಯಬೇಕೆನಿಸುತ್ತದೆ. ಮಕ್ಕಳಿಗೆ ಇದನ್ನು ಇನ್ನೂ ಪಾಠ ಮಾಡಿಲ್ಲ.

ರಾತ್ರಿ ಕರೆಂಟಿನ ಭರವಸೆಯಿಲ್ಲವೆಂದು ನಾಟಕವನ್ನು ಮಧ್ಯಾಹ್ನವೇ ಶಾಮಿಯಾನದಡಿ ಇಟ್ಟುಕೊಂಡಿದ್ದೆವು. ಶತ್ರುರಾಜ ನಮ್ಮ ಡ್ರಾಯಿಂಗ್ ಮಾಸ್ತರ ಬಸಣ್ಣ. ಕೊನೆಯ ದೃಶ್ಯದಲ್ಲಿ ಅವನು ರಟ್ಟಿನ ಕತ್ತಿಯನ್ನು ನನ್ನ ಎದೆಗೆ ಚುಚ್ಚಿದ. ಕತ್ತಿ ಕವಚಕ್ಕೆ ತಾಗಿ ಮಡಚಿಕೊಂಡು ಅವನನ್ನೇ ನೋಡತೊಡಗಿತು. ನಾನು ಮಾತ್ರ ಅಭ್ಯಾಸ ಮಾಡಿದಂತೆ ನರಳಿ ಬಿದ್ದೆ.

ಮುಂದಿನ ಸಾಲಿನ ಮುದುಕರೊಬ್ಬರು ಎದ್ದು ನಿಂತರು. “ಏ ಸೇನಾಪತಿ, ನಿನ್ನ ಅಂಗಿ ಗಟ್ಟಿ ಐತಿ. ಮುರದಿದ್ದು ಅವನ ಕತ್ತಿ. ನೀ ಯಾಕ ಸಾಯ್ತಿ? ಏಳು.”

ಜನರೆಲ್ಲ ಹೌದೌದೆಂದರು. ನನಗೆ ಅಳುವೇ ಬಂತು. ಎದ್ದರೆ ಇಷ್ಟು ವರ್ಷ ಕಾದ ಸಾವು ಕೈತಪ್ಪುತ್ತದೆ. ಏಳೋಣವೆಂದರೂ ಕವಚದ ಭಾರ ಬಿಡುತ್ತಿರಲಿಲ್ಲ. ಬಸಣ್ಣ ಬಗ್ಗಿ ನನ್ನ ಎದೆ ಮುಟ್ಟಿ, ಕೈ ಹಿಂದಕ್ಕೆಳೆದುಕೊಂಡು ಸಭೆಗೆ ಹೇಳಿದ: “ಕತ್ತಿಗೆ ಸತ್ತಿಲ್ರಿ. ಈ ಬಿಸಲಾಗ ಕಬ್ಬಿಣದ ಅಂಗಿ ಹಾಕ್ಕೊಂಡು ಬಂದಾನ. ಸೆಕಿಗೆ ಹೋದ.”

“ಹಂಗಾದ್ರ ಖರೆ,” ಎಂದು ಮುದುಕರು ಕೂತರು. ಬಳ್ಳಾರಿ ಸೀಮೆಯಲ್ಲಿ ಈ ಸಾವನ್ನು ಒಪ್ಪದವರಿಲ್ಲ. “ಪಾಪ, ನೀರಾದ್ರೂ ಹಾಕ್ರಿ,” ಎಂದೂ ಸೇರಿಸಿದರು. ಯಾರೋ ಬಂದು ಒಂದು ಚೊಂಬು ನೀರು ಸುರಿದರು.

ಹೆಣವಾಗಿದ್ದ ನಾನು ಕಣ್ಣು ಮುಚ್ಚಿಕೊಂಡೇ, “ಇನ್ನೊಂದು ಚೊಂಬು ಹಾಕ್ರಿ,” ಅಂದೆ. ಇಡೀ ನಾಟಕದಲ್ಲಿ ಅತಿ ದೊಡ್ಡ ಚಪ್ಪಾಳೆ ಬಿದ್ದ ಮಾತು ಅದೇ.