ಗೀಟು ಅಳಿಸಿದವರು ಯಾರು

ಹರಿಹರದ ಬಸ್ ನಿಲ್ದಾಣದೆದುರು ಡಿಟಿಪಿ ಅಂಗಡಿ ಇಟ್ಟಿರುವ ಖತೀಜಾಬೀ ಇಪ್ಪತ್ತೆರಡು ವರ್ಷಗಳಲ್ಲಿ ಏನೇನೋ ಟೈಪ್ ಮಾಡಿದ್ದಾಳೆ. ಆದರೆ ತಾನು ಮಾಡದ ತಪ್ಪನ್ನು ತಾನೇ ಟೈಪ್ ಮಾಡಿಕೊಡಬೇಕಂತೆ! ಹಾಗೆಂದವನು ಭಾನುವಳ್ಳಿ ನೀರು ಬಳಕೆದಾರರ ಸಂಘದ ಕಾರ್ಯದರ್ಶಿ ವಾಮದೇವಪ್ಪ.

ನಾಲೆ ನೀರಿನ ಪಾಳಿಪಟ್ಟಿ ಮೊದಲಿನಿಂದಲೂ ಅವಳದೇ ಕೆಲಸ. ರೈತನ ಹೆಸರು, ವಾರ, ಹೊತ್ತು. ನಡುನಡುವೆ ಕಾಲಂ ಬೇರ್ಪಡಿಸಲು ನೆಟ್ಟಗೆ ನಿಂತ ಒಂದೊಂದು ಉದ್ದ ಗೀಟು. ಈ ಒಂದೇ ಸಾದಾ ಫೈಲಿನಿಂದ ಮೊಬೈಲಿಗೆ, ನೋಟಿಸ್ ಬೋರ್ಡಿಗೆ, ನೀರಾವರಿ ಕಚೇರಿಗೆ ಮೂರು ಬಗೆಯ ಪ್ರತಿ ತೆಗೆಯುತ್ತಾಳೆ. ಗೀಟಿದ್ದರೆ ಮೂರರಲ್ಲೂ ಕಾಲಂ ತಾನಾಗಿ ನೆಟ್ಟಗೆ ಕೂರುತ್ತದೆ. ಬರೀ ಸ್ಪೇಸ್ ಒತ್ತಿ ಹೊಂದಿಸಿದರೆ ಮುಗಿಯಿತು. ಅಕ್ಷರದ ಅಗಲ ಫೋನಿಂದ ಫೋನಿಗೆ ಬೇರೆ, ಸಾಲು ಎಲ್ಲೆಲ್ಲಿಗೋ ಜಾರುತ್ತದೆ.

ಜಾರಿಯೂ ಬಿಟ್ಟಿತ್ತು. ಭಾನುವಳ್ಳಿಯ ರೈತ ಓಬಯ್ಯನ ಫೋನಿನಲ್ಲಿ ಅವನ ಗುರುವಾರ ಕೆಳಗಿಳಿದು ಮುಂದಿನ ಸಾಲಿನ ಶಿವಯೋಗಪ್ಪನ ಹೆಸರಿನ ಪಕ್ಕ ಕೂತಿತ್ತು, ಮೇಲಿನ ಸಾಲಿನ ಶುಕ್ರವಾರ ಇವನ ಹೆಸರಿನ ಪಕ್ಕಕ್ಕೆ ಬಂದಿತ್ತು. ಓಬಯ್ಯ ಶುಕ್ರವಾರ ಹೋದರೆ ತೂಬು ಮುಚ್ಚಿತ್ತು, ಸಸಿಮಡಿ ಒಣಗಿತ್ತು.

ಅವನನ್ನೂ ಕರೆದುಕೊಂಡು ಬಂದ ವಾಮದೇವಪ್ಪ, ಹೊಸ ಪಟ್ಟಿಯ ಕೆಳಗೆ 'ಬೆರಳಚ್ಚಿನ ದೋಷಕ್ಕೆ ಕ್ಷಮೆ ಇರಲಿ' ಎಂದು ಅಂಗಡಿಯ ಹೆಸರು ಸಮೇತ ಹಾಕಬೇಕೆಂದ. ಇಲ್ಲದಿದ್ದರೆ ಈ ಕೆಲಸ ದಾವಣಗೆರೆಗೆ ಹೋಗುತ್ತದೆಂದ. ಖತೀಜಾಬೀಗೆ ಮೈಯೆಲ್ಲ ಉರಿಯಿತು. ತನ್ನ ಫೈಲ್ ತೆರೆದು ತೋರಿಸಿದಳು, ಗೀಟುಗಳೆಲ್ಲ ಇದ್ದವು. ಓಬಯ್ಯನ ಫೋನ್ ಇಸಿದುಕೊಂಡು ನೋಡಿದಳು, ಒಂದೂ ಇರಲಿಲ್ಲ. ಅಳಿಸಿದ್ದು ಯಾರೆಂದು ಕೇಳಿದಳು.

"ನಾನೇ. ನೋಡಾಕ ಅಸಹ್ಯ ಕಾಣ್ತಿದ್ವು. ತೆಗೆದು ಸ್ಪೇಸ್ ಕೊಟ್ಟು ನೆಟ್ಟಗೆ ಮಾಡಿ ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕ್ದೆ. ನನ್ನ ಫೋನಿನಾಗ ಸರಿ ಐತಲ್ಲ," ಎಂದ ವಾಮದೇವಪ್ಪ.

"ಓಬಯ್ಯನ ಗದ್ದೆ ನಿಮ್ಮ ಫೋನಿನಾಗ ಐತೇನ್ರಿ?"

ಅವನು ಮೆತ್ತಗಾದ. ಆದದ್ದು ಆಯಿತು, ಒಂದು ಸಾಲು ತಾನೆ, ಸಂಘದ ಮಾನ ಉಳಿಯುತ್ತದೆ ಎಂದ. ಹಾಗಾದರೆ ತನ್ನ ಮಾನವೇನು ಪುಕ್ಕಟೆಯೇ? ದಾವಣಗೆರೆಗೆ ಬೇಕಾದರೆ ಈಗಲೇ ಹೋಗಲಿ, ಅಲ್ಲಿಯೂ ಗೀಟು ಹಾಕಲೇಬೇಕು ಎಂದು ಖಡಾಖಂಡಿತವಾಗಿ ಹೇಳಿ ಅವಳು ಕೀಬೋರ್ಡಿನತ್ತ ತಿರುಗಿದಳು. ಪಟ್ಟಿಯ ಕೆಳಗೆ ಒಂದು ಸಾಲು ಸೇರಿಸಿದಳು: 'ಗೀಟು ಅಳಿಸಿ ಕಳಿಸಿದ್ದು ಕಾರ್ಯದರ್ಶಿಯ ತಪ್ಪು. ಓಬಯ್ಯನ ಪಾಳಿ ಗುರುವಾರ.' ಅದರಡಿ ಸಹಿಗೆಂದು ಒಂದು ಗೀಟು ಎಳೆದು, ಪ್ರಿಂಟ್ ತೆಗೆದು ವಾಮದೇವಪ್ಪನ ಮುಂದಿಟ್ಟಳು.

ವಾಮದೇವಪ್ಪ ಓಬಯ್ಯನ ಮುಖ ನೋಡಿದ. ಓಬಯ್ಯ ಜೇಬಿನಿಂದ ಪೆನ್ನು ತೆಗೆದು ಅವನ ಕೈಗೆ ಕೊಟ್ಟ.

"ಇಲ್ಲಿ ಹಾಕ್ರಿ ಸಹಿ," ಎಂದು ಬೆರಳಿಟ್ಟು ತೋರಿಸಿದಳು ಖತೀಜಾಬೀ, "ಗೀಟು ದಾಟಬ್ಯಾಡ್ರಿ."